ಹತ್ತಕ್ಕೆ ನಾಲ್ಕು

ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ, ಬೆಳ್ಳುಳ್ಳಿ ಮಂಡಿಗೆ ಆತುಕೊಂಡು
ಎರಡು ಕುರ್ಚಿಯ ಸಲೂನು. ನನಗಾಗ ಹನ್ನೆರಡು.
ಕೂದಲು ಗುಡಿಸುವುದು, ಬಿಸಿನೀರು ತರುವುದು,
ಶನಿವಾರ ಮಧ್ಯಾಹ್ನ ಚೀಟಿ ಒಯ್ಯುವುದು.

ಚೀಟಿ ಸಿಪ್ರಿಯನ್ ಲೋಬೋ ಅವರದು.
ಕಾಫಿ ಕ್ಯೂರಿಂಗಿನಲ್ಲಿ ಮೂಟೆ ತೂಗುವ ಕೆಲಸ,
ಕಿವಿಯ ಕೂದಲಲ್ಲೂ ಬೀಜದ ಹೊಟ್ಟು.
ಬೆಂಗಳೂರಿನಲ್ಲಿ ಓಡುವ ಕುದುರೆಗೆ ಹಾಸನದಲ್ಲಿ ಕೂತು
ಹತ್ತು ರೂಪಾಯಿ. ಯಾವಾಗಲೂ ಹತ್ತು.
ಯಾವಾಗಲೂ ಫೇವರಿಟ್ಟು.

"ಊರೆಲ್ಲಾ ನಂಬಿದ ಕುದುರೆ ಮೇಲೆ ಕಟ್ಟಬೇಕು ದೊರೆ,
ಸೋತರೂ ಒಬ್ಬನೇ ಸೋತ ಹಾಗಿರಲ್ಲ."
ಗೆದ್ದರೆ ಹತ್ತಕ್ಕೆ ನಾಲ್ಕು, ಬಹಳವೆಂದರೆ ಆರು.
ಪುಸ್ತಕದ ಕೆಳಗಡೆ ಹತ್ತಕ್ಕೆ ಇನ್ನೂರರ ಬಡಕಲುಗಳಿದ್ದವು.
ಅವುಗಳ ಹೆಸರನ್ನು ಅವರು ಹೆಬ್ಬೆರಳಿನಿಂದ ಮುಚ್ಚಿಕೊಂಡೇ ಓದುತ್ತಿದ್ದರು.

ಬುಕ್ಕಿ ಗಂಗೋಜಿ ಬಸ್‌ಸ್ಟ್ಯಾಂಡಿನ ಎದುರು
ಎಸ್‌ಟಿಡಿ ಬೂತಿನ ಒಳಗೆ, ಫೋನಿನಷ್ಟೇ ಕಪ್ಪಗೆ.
ಒಂದು ಶನಿವಾರ ಅಲ್ಲಿಗೆ ಹೋಗಲಿಲ್ಲ ನಾನು.
ಮಹಾರಾಜ ಪಾರ್ಕಿನ ಕಟ್ಟೆ ಮೇಲೆ ಕೂತು ಬೆರಳು ಮಡಿಸಿದೆ:
ಕಳೆದ ವಾರ ಆರರಲ್ಲಿ ಎರಡು,
ಅದರ ಹಿಂದಿನ ವಾರ ಏಳರಲ್ಲಿ ಎರಡು.
ಊರೆಲ್ಲಾ ನಂಬಿದ್ದು
ಮೂರು ಸಲಕ್ಕೆ ಒಂದು ಸಲ ನಿಜವಾಗುತ್ತದೆ.
ಮಿಕ್ಕೆರಡು ಸಲದ ದುಡ್ಡು ಗಂಗೋಜಿಗೇ ಯಾಕೆ?

ಹೀಗೆ ನಾನು ಬುಕ್ಕಿಯಾದೆ,
ಒಬ್ಬನೇ ಗಿರಾಕಿಯ ಬುಕ್ಕಿ.
ಕ್ಯುಟಿಕುರಾ ಪೌಡರಿನ ಖಾಲಿ ಡಬ್ಬಿ ನನ್ನ ಬ್ಯಾಂಕು.
ಅವರ ಕುದುರೆ ಗೆದ್ದರೆ ಎಣಿಸಿ ಹದಿನಾಲ್ಕು ಕೊಡುತ್ತಿದ್ದೆ, ಮುಖ ಸಪ್ಪಗೆ ಮಾಡದೆ.
ಸೋತರೆ ಅಯ್ಯೋ ಅನ್ನುತ್ತಿದ್ದೆ, ಸ್ವಲ್ಪ ಜೋರಾಗಿಯೇ.
ತಂಗಿಗೆ ಜಡೆಬಿಲ್ಲೆ ಬಂತು. ನನಗೆ ಚಪ್ಪಲಿ.
ಪರ್ಪಲ್ ಲೇಡಿ ಕೊನೆಯ ತಿರುವಿನಲ್ಲಿ ಕುಂಟಿದ ದಿನ
ಇಬ್ಬರೂ ಮಸಾಲೆ ದೋಸೆ ತಿಂದೆವು.

ಯುಗಾದಿ ಕಳೆದ ಶನಿವಾರ ಅವರಿಗೆ ಬೋನಸ್ಸು.
ಐದು ರೇಸು, ಒಂದೊಂದಕ್ಕೂ ಐವತ್ತು.
ನನ್ನ ಕೈ ನಡುಗಿದ್ದು ಆಸೆಗೆ.
ಸಂಜೆ ಬೂತಿನ ಹೊರಗೆ ನಿಂತು ಕೇಳಿಸಿಕೊಂಡೆ:
ಮೊದಲನೆಯದು ಫೇವರಿಟ್ಟು. ಎರಡನೆಯದು. ಮೂರನೆಯದು.
ನಾಲ್ಕನೆಯದಕ್ಕೆ ಗಂಗೋಜಿ ತಲೆ ಮೇಲೆ ಕೈ ಹೊತ್ತ;
ನಾನೂ ಹೊತ್ತೆ, ಗಾಜಿನ ಈಚೆ.
ಐದನೆಯದನ್ನು ಕೇಳಲಿಲ್ಲ, ಅವನ ಮುಖ ನೋಡಿದೆ.

ಕೊಡಬೇಕಾದ್ದು ನಾನೂರ ಹದಿನೈದು.
ಅವರ ಇನ್ನೂರೈವತ್ತು, ಡಬ್ಬಿಯ ತೊಂಬತ್ತೆರಡು:
ಎಷ್ಟು ಸಲ ಕೂಡಿದರೂ ಎಪ್ಪತ್ತಮೂರು ಕಡಮೆ.

ಮರುದಿನ ಲೋಬೋ ಕುರ್ಚಿಯಲ್ಲಿದ್ದರು, ಕೊರಳಿಗೆ ಬಿಳಿ ಬಟ್ಟೆ.
ಕನ್ನಡಿ ಮುಂದೆ ದುಡ್ಡಿಟ್ಟೆ. "ಇಷ್ಟೇ ಇರೋದು."
ಅವರು ನನ್ನನ್ನು ನೋಡಲಿಲ್ಲ, ಕನ್ನಡಿಯೊಳಗಿನ ನನ್ನನ್ನು ನೋಡಿದರು.
"ಗಂಗೋಜಿ ಟ್ಯಾಕ್ಸು ಅಂತ ರೂಪಾಯಿಗೆ ಇಪ್ಪತ್ತು ಪೈಸೆ ಮುರೀತಾನೆ.
ನವೆಂಬರಿಂದ ನನಗೆ ಪೂರ್ತಿ ಬರ್ತಾ ಇದೆ."
ಕತ್ತರಿ ಒಂದು ಗಳಿಗೆ ನಿಂತಿತು.
ಬಟ್ಟೆಯಡಿಯಿಂದ ಕೈ ತೆಗೆದು, ರೇಸಿನ ಪುಸ್ತಕದ ಅಂಚಿಗೆ
ಬರೆದುಕೊಂಡರು: ದೊರೆ, ೭೩.
ಹತ್ತರ ನೋಟೊಂದನ್ನು ವಾಪಸ್ಸು ನನ್ನ ಕಡೆ ಸರಿಸಿದರು,
"ಬರೋ ಶನಿವಾರದ್ದು. ಫೇವರಿಟ್ಟು."

ಅವರ ಸೋಲಿನಿಂದಲೇ ಅವರ ಸಾಲ ತೀರಿಸಿದೆ.
ನಡುನಡುವೆ ಕುದುರೆ ಗೆದ್ದು ಸಾಲ ಬೆಳೆಯಿತು,
ಮತ್ತೆ ಇಳಿಯಿತು. ಮುಂದಿನ ಸೀಸನ್ನಿನವರೆಗೂ ಎಳೆಯಿತು.
ಒಂದು ದಿನವೂ ಬೇರೆ ಹುಡುಗನ ಕೈಗೆ ಚೀಟಿ ಕೊಡಲಿಲ್ಲ ಅವರು.

ಈಗ ಸಾಲಗಾಮೆ ರಸ್ತೆಯಲ್ಲಿ ನನ್ನದೇ ಅಂಗಡಿ, ನಾಲ್ಕು ಕುರ್ಚಿ.
ಹುಡುಗರು ಮೊಬೈಲು ತಿಕ್ಕುತ್ತಾ ಕೇಳುತ್ತಾರೆ,
"ಯಾವುದು ಹೊಡೆಯುತ್ತೆ ದೊರೆಯಣ್ಣ?"
ತಲೆ ತಗ್ಗಿಸಪ್ಪಾ ಅನ್ನುತ್ತೇನೆ,
ಕತ್ತಿನ ಹಿಂದೆ ಬ್ಲೇಡು ಆಡುವಾಗ
ಅಲುಗಾಡಬಾರದು.